ಅಮ್ಮನ ಸರ್ಪಸುತ್ತು, ನನ್ನ ರೇಕಿ: ಎರಡನೇ ಹಂತಕ್ಕೆ ಹೋಗಲಾ, ಬೇಡವಾ?

ಸುರಗಿ · ಕುಮಟಾ

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಆಗುತ್ತದೆ, ಬೇಜಾರು ಮಾಡಿಕೊಳ್ಳಬೇಡಿ.

ಅಮ್ಮನಿಗೆ 71. ಹೋದ ದೀಪಾವಳಿ ಹೊತ್ತಿಗೆ ಎಡ ಪಕ್ಕೆಗೆ ಸರ್ಪಸುತ್ತು ಬಂತು. ನಮ್ಮ ಕಡೆ ಸರ್ಪಸುತ್ತು ಅಂದರೆ ಮೊದಲು ಕೆಮ್ಮಣ್ಣು, ಮಂತ್ರ. ನಾವೂ ಅದನ್ನೇ ಮಾಡಿಸಿದೆವು. ಡಾಕ್ಟರ ಹತ್ತಿರ ಹೋಗಿದ್ದು ಆರನೇ ದಿನ. ಗುಳ್ಳೆ ಒಣಗಿತು, ನೋವು ಮಾತ್ರ ಹೋಗಲೇ ಇಲ್ಲ. ಈಗಲೂ ಸೆರಗು ತಾಗಿದರೆ ಕೆಂಡ ಇಟ್ಟ ಹಾಗಾಗುತ್ತದೆ ಅನ್ನುತ್ತಾಳೆ. ಫ್ಯಾನ್ ಗಾಳಿ ಕೂಡ ಆಗುವುದಿಲ್ಲ. ಈ ಮೇ ತಿಂಗಳ ಸೆಕೆಯಲ್ಲಿ ಫ್ಯಾನ್ ಇಲ್ಲದೆ ಮಲಗುವುದು ಹೇಗೆ ಅಂತ ಕರಾವಳಿಯವರಿಗೆ ಹೇಳಬೇಕಾಗಿಲ್ಲ.

ಒಬ್ಬ ಗೆಳತಿ ಹೇಳಿದಳು ಅಂತ ರೇಕಿ, ಅಂದರೆ ಮೈ ಮೇಲೆ ಕೈ ಇಟ್ಟೋ ಹತ್ತಿರ ಹಿಡಿದೋ ಶಕ್ತಿ ಹರಿಸಿ ಗುಣ ಮಾಡುತ್ತೇವೆ ಅನ್ನುವ ವಿದ್ಯೆ, ಅದರ ಮೊದಲ ಹಂತ ಕಲಿತೆ. ಎರಡು ದಿನದ ಕ್ಲಾಸು. ಮನೆಗೆ ಬಂದು ಅಮ್ಮನ ಪಕ್ಕೆಯ ಮೇಲೆ, ಮುಟ್ಟದೆ, ನಾಲ್ಕು ಬೆರಳು ಎತ್ತರದಲ್ಲಿ ಕೈ ಹಿಡಿದು ಕೂತೆ. ಆ ರಾತ್ರಿ ಅವಳು ಮೂರು ಗಂಟೆ ಒಂದೇ ಸಮನೆ ಮಲಗಿದಳು. ತಿಂಗಳುಗಳ ಮೇಲೆ ಹಾಗೆ ಮಲಗಿದ್ದು ಅದೇ ಮೊದಲು.

ತೊಂದರೆ ಆಮೇಲೆ ಶುರುವಾಯಿತು. ನಮಗೆ ಕಲಿಸಿದವರು ಅಮ್ಮನನ್ನು ನೋಡಲು ಮನೆಗೆ ಬಂದರು. ಮಾತ್ರೆಯೇ ಶಕ್ತಿ ಹರಿಯಲು ಬಿಡುತ್ತಿಲ್ಲ, ಅದನ್ನು ಬಿಟ್ಟರೆ ಬೇಗ ಗುಣ ಆಗುತ್ತದೆ ಅಂದರು. ಅಮ್ಮ ನನಗೆ ಹೇಳದೆ ನರದ ಮಾತ್ರೆ ಬಿಟ್ಟಳು. ಮೂರನೇ ರಾತ್ರಿ ಗೋಡೆಗೆ ಹಣೆ ಒತ್ತಿಕೊಂಡು ನಿಂತಿದ್ದಳು. ಅತ್ತಿರಲಿಲ್ಲ, ಸುಮ್ಮನೆ ನಿಂತಿದ್ದಳು. ಅದು ನನ್ನ ಕಣ್ಣಿಂದ ಹೋಗುತ್ತಿಲ್ಲ.

ಎರಡನೇ ಹಂತಕ್ಕೆ ಮೊದಲೇ ದುಡ್ಡು ಕಟ್ಟಿದ್ದೇನೆ. ಹೋಗಲಾ, ಬೇಡವಾ? ಮತ್ತೆ, ಈ ರೇಕಿ ನಿಜವಾಗಿ ಎಲ್ಲಿಂದ ಬಂತು? ಕ್ಲಾಸಿನಲ್ಲಿ ಒಂದು ಕಥೆ ಹೇಳಿದರು, ಮೊಬೈಲಿನಲ್ಲಿ ಹುಡುಕಿದರೆ ಬೇರೆ ನಾಲ್ಕು ಬರುತ್ತವೆ.

ರಾತ್ರಿಪಾಳಿ · ಹೊನ್ನಾವರ

ಕಥೆ ಉಳಿದವರು ಹೇಳುತ್ತಾರೆ. ನಾನು ನರ್ಸ್, ಮೊದಲು ಮಾತ್ರೆ ವಿಷಯ. ನರದ ನೋವಿಗೆ ಕೊಡುವ ಗ್ಯಾಬಾಪೆಂಟಿನ್, ಪ್ರೀಗ್ಯಾಬಲಿನ್ ತರಹದ ಮಾತ್ರೆಗಳನ್ನು ಒಮ್ಮೆಲೇ ಬಿಡುವಂತಿಲ್ಲ. ಬಿಡುವುದಾದರೂ ಡಾಕ್ಟರು ಹೇಳಿದಂತೆ ದಿನಗಟ್ಟಲೆ ಇಳಿಸುತ್ತಾ ಬರಬೇಕು. ಒಮ್ಮೆಲೇ ಬಿಟ್ಟರೆ ನೋವು ತಿರುಗಿ ಬರುವುದಷ್ಟೇ ಅಲ್ಲ, ನಿದ್ದೆ ಹೋಗುತ್ತದೆ, ಬೆವರು, ಗಾಬರಿ, ಕೆಲವರಿಗೆ ಫಿಟ್ಸ್ ಕೂಡ. ನಾಳೆಯೇ ಡಾಕ್ಟರಿಗೆ ಫೋನ್ ಮಾಡಿ, ಎಷ್ಟು ದಿನ ಬಿಟ್ಟಿದ್ದರು ಅಂತ ಹೇಳಿ. ನೀವಾಗಿಯೇ ಹಳೆ ಡೋಸಿಗೆ ಹಾರಬೇಡಿ.

ಓದುವ ಉಳಿದವರಿಗೂ ಒಂದು ಮಾತು. ಸರ್ಪಸುತ್ತು ಹಾವಿನ ಶಾಪ ಅಲ್ಲ. ಚಿಕ್ಕಂದಿನಲ್ಲಿ ಬಂದು ಹೋದ ಸೀತಾಳೆ ಸಿಡುಬಿನ, ಅಂದರೆ ಚಿಕನ್ ಪಾಕ್ಸಿನ ವೈರಸ್ ನರದ ಬುಡದಲ್ಲಿ ಮಲಗಿರುತ್ತದೆ. ವಯಸ್ಸಾದ ಮೇಲೆ, ಮೈ ಸೋತಾಗ ಎದ್ದು ಬರುತ್ತದೆ. ಗುಳ್ಳೆ ಕಂಡ 72 ಗಂಟೆಯೊಳಗೆ ವೈರಸ್ ತಡೆಯುವ ಮಾತ್ರೆ ಶುರು ಮಾಡಿದರೆ ಚೆನ್ನಾಗಿ ಕೆಲಸ ಮಾಡುತ್ತದೆ. ಕೆಮ್ಮಣ್ಣು ಹಚ್ಚಿಸಲೇಬೇಕು ಅಂದರೆ ಹಚ್ಚಿಸಿ, ಆದರೆ ಅದೇ ದಿನ ಡಾಕ್ಟರಿಗೂ ತೋರಿಸಿ. ಸುರಗಿಯವರೇ, ನಿಮಗೆ ಬೈಯುತ್ತಿಲ್ಲ. ಆರನೇ ದಿನ ಬರುವವರೇ ಜಾಸ್ತಿ.

ಅಪ್ಪೆಮಿಡಿ · ಶಿರಸಿ

ಎರಡನೇ ಹಂತಕ್ಕೆ ಹೋಗಬೇಡಿ. ದುಡ್ಡು ವಾಪಸ್ ಕೇಳಿ. ಮೂರು ಗಂಟೆ ನಿದ್ದೆ ಬಂದದ್ದು ಮಗಳು ಪಕ್ಕದಲ್ಲಿ ಕೂತಿದ್ದಕ್ಕೆ, ಜಪಾನಿನ ಶಕ್ತಿಗಲ್ಲ.

ಓಂ_ದಂಡೆ · ಗೋಕರ್ಣ

ನಾನು ಕುಡ್ಲೆ ಬೀಚ್ ಕಡೆಯ ಒಂದು ಗೆಸ್ಟ್‌ಹೌಸಿನಲ್ಲಿ ಕೆಲಸ ಮಾಡುತ್ತೇನೆ. ನವೆಂಬರಿನಿಂದ ಮಾರ್ಚಿನವರೆಗೆ ನಮ್ಮ ಕಂಪೌಂಡಿಗೆ ಅಂಟಿಸುವ ಚೀಟಿಗಳನ್ನು ನೋಡಬೇಕು ನೀವು. ಯೋಗ, ಡ್ರಮ್ಮು, ರೇಕಿ ಲೆವೆಲ್ ಒಂದು ಎರಡು ಮೂರು, ಎಲ್ಲಾ ಸೇರಿ ಐದೇ ದಿನ. ಸೋಮವಾರ ಶಿಷ್ಯರಾಗಿ ಬಂದವರು ಶುಕ್ರವಾರ ಮಾಸ್ಟರ್! ನಾನು ಚಾಪೆ ಹಾಸುವವ, ನನಗೂ ಒಬ್ಬರು ಬಿಟ್ಟಿಯಾಗಿ ದೀಕ್ಷೆ ಕೊಟ್ಟರು. ಕಣ್ಣು ಮುಚ್ಚಿ ಕೈ ಮುಗಿದು ಕೂರಿಸಿದರು. ಬೆನ್ನ ಹಿಂದೆ ನಿಂತು ನೆತ್ತಿಯ ಮೇಲೆ ಏನೋ ಬರೆದ ಹಾಗೆ ಮಾಡಿದರು, ಅಂಗೈಗೆ ಮೂರು ಸಲ ತಟ್ಟಿದರು, ಊದಿದರು. ಕೈ ಬಿಸಿಯಾದದ್ದು ಹೌದು. ಮಧ್ಯಾಹ್ನ ಎರಡು ಗಂಟೆ, ತಗಡಿನ ಮಾಡು, ಇಡೀ ಮೈಯೇ ಬಿಸಿ ಇತ್ತು ಮಾರಾಯ್ರೆ.

ಕಾಳಿದಂಡೆ · ಕಾರವಾರ

ನಾನು 14 ವರ್ಷದಿಂದ ರೇಕಿ ಮಾಡುತ್ತಿದ್ದೇನೆ. ಕೋಡಿಬಾಗದ ಮನೆಯ ಹಿಂದಿನ ಕೋಣೆ, ಒಂದು ಮಂಚ, ಒಂದು ಟೇಬಲ್ ಫ್ಯಾನ್. ದುಡ್ಡು ತೆಗೆದುಕೊಳ್ಳುವುದಿಲ್ಲ, ಬಂಗಡೆ ಕೊಟ್ಟರೆ ಬೇಡ ಅನ್ನುವುದಿಲ್ಲ.

ಮೊದಲ ಮಾತು. ಮಾತ್ರೆ ಬಿಡಿ ಅಂದವರು ರೇಕಿಯ ಮಾತು ಆಡಿಲ್ಲ. ಔಷಧ ಬಿಡಿಸಬೇಡ, ರೋಗ ಇಂಥದ್ದು ಅಂತ ಹೇಳಬೇಡ ಅಂತಲೇ ನನಗೆ ಮೊದಲ ದಿನ ಕಲಿಸಿದ್ದು. ಇನ್ನು ಕಥೆ.

ನಿಮಗೆ ಹೇಳಿದ್ದು ಬಹುಶಃ ಇದು ಇರಬೇಕು: ರೇಕಿ ಶುರು ಮಾಡಿದ ಉಸುಯಿ ಅನ್ನುವವರು ಕ್ರಿಶ್ಚಿಯನ್ ಪಾದ್ರಿ, ಕ್ಯೋಟೋದ ದೋಶಿಶಾ ವಿಶ್ವವಿದ್ಯಾಲಯದಲ್ಲಿ ಮೇಷ್ಟ್ರು. ಏಸು ಕೈ ಇಟ್ಟು ಹೇಗೆ ಗುಣ ಮಾಡುತ್ತಿದ್ದ ಅಂತ ಹುಡುಗರು ಕೇಳಿದರು, ಉತ್ತರ ಹುಡುಕಿಕೊಂಡು ಇವರು ಷಿಕಾಗೋಕ್ಕೂ ಹೋದರು. ನನಗೂ ಇದನ್ನೇ ಹೇಳಿದ್ದರು, ನಾನೂ ಎಷ್ಟೋ ಜನರಿಗೆ ಹೇಳಿದ್ದೇನೆ. ಅದು ನಿಜ ಅಲ್ಲ. ಆ ವಿಶ್ವವಿದ್ಯಾಲಯದ ದಾಖಲೆಯಲ್ಲಿ ಅವರ ಹೆಸರೇ ಇಲ್ಲ.

ಗಟ್ಟಿಯಾಗಿ ಉಳಿದಿರುವುದು ಒಂದು ಕಲ್ಲು. ಟೋಕಿಯೋದ ಸಾಯಿಹೋಜಿ ಅನ್ನುವ ಬೌದ್ಧ ದೇವಾಲಯದ ಸ್ಮಶಾನದಲ್ಲಿ ಶಿಷ್ಯರು 1927ರಲ್ಲಿ ನಿಲ್ಲಿಸಿದ್ದು. ನಮ್ಮ ಬನವಾಸಿ ಶಾಸನಗಳ ಹಾಗೆ, ಓದುವವರು ಬರುವ ತನಕ ಸುಮ್ಮನೆ ನಿಂತಿತ್ತು. ಅದರ ಪ್ರಕಾರ ಮಿಕಾವೋ ಉಸುಯಿ ಹುಟ್ಟಿದ್ದು 1865ರಲ್ಲಿ, ಗಿಫು ಪ್ರಾಂತದ ತನಿಯಾಯಿ ಅನ್ನುವ ಹಳ್ಳಿಯಲ್ಲಿ. ಹಲವು ಕೆಲಸ ಮಾಡಿದರು, ಕೈ ಹಿಡಿದದ್ದು ಕಡಿಮೆ. 1922ರ ಹೊತ್ತಿಗೆ ಕ್ಯೋಟೋ ಹತ್ತಿರದ ಕುರಾಮ ಬೆಟ್ಟದಲ್ಲಿ 21 ದಿನ ಉಪವಾಸ ಕೂತರು. ಕೊನೆಗೆ ನೆತ್ತಿಯ ಮೇಲೆ ಏನೋ ಇಳಿದ ಅನುಭವ ಆಯಿತು. ಟೋಕಿಯೋಗೆ ಹೋಗಿ ಸಂಘ ಕಟ್ಟಿದರು. ಮರು ವರ್ಷವೇ, 1923ರ ಸೆಪ್ಟೆಂಬರಿನಲ್ಲಿ, ಅಲ್ಲಿ ಮಹಾ ಭೂಕಂಪ. ಗಾಯಗೊಂಡವರ ನಡುವೆ ಓಡಾಡಿ ಕೈ ಇಟ್ಟರು ಅಂತ ಕಲ್ಲು ಹೇಳುತ್ತದೆ. 1926ರಲ್ಲಿ ಫುಕುಯಾಮಾ ಊರಿನಲ್ಲಿ ತೀರಿಕೊಂಡರು. ಅಂದರೆ ಅವರು ಕಲಿಸಿದ್ದೇ ನಾಲ್ಕು ವರ್ಷ. ಅಷ್ಟರಲ್ಲಿ ಎರಡು ಸಾವಿರಕ್ಕೂ ಹೆಚ್ಚು ಜನ ಕಲಿತರು ಅಂತ ಅದೇ ಕಲ್ಲಿನ ಲೆಕ್ಕ.

ಕಲ್ಲಿನಲ್ಲಿ ಪಾದ್ರಿ ಕಥೆಯೂ ಇಲ್ಲ, ಚಕ್ರವೂ ಇಲ್ಲ. ಐದು ಮಾತಿದೆ: ಇವತ್ತು ಒಂದು ದಿನ ಸಿಟ್ಟು ಮಾಡಬೇಡ, ಚಿಂತೆ ಮಾಡಬೇಡ, ಉಪಕಾರ ಮರೆಯಬೇಡ, ಕೆಲಸ ಮನಸ್ಸಿಟ್ಟು ಮಾಡು, ಎಲ್ಲರ ಜೊತೆ ದಯೆಯಿಂದಿರು. ಬೆಳಿಗ್ಗೆ ಸಂಜೆ ಕೈ ಮುಗಿದು ಇದನ್ನು ಹೇಳಿಕೊಳ್ಳಬೇಕು. ನನಗಂತೂ ಮೊದಲನೆಯದೇ ಇನ್ನೂ ಬಂದಿಲ್ಲ.

ಸುರಗಿ · ಕುಮಟಾ

ಕ್ಲಾಸಿನಲ್ಲಿ ಎರಡು ಗಂಟೆ ಏಳು ಚಕ್ರದ ಬಣ್ಣ ಬಾಯಿಪಾಠ ಮಾಡಿಸಿದರು! ಹಾಗಾದರೆ ಅದು ಎಲ್ಲಿಂದ ಸೇರಿತು?

ಕಾಳಿದಂಡೆ · ಕಾರವಾರ

ಅಮೆರಿಕದಿಂದ. ಉಸುಯಿ ಹತ್ತಿರ ಕಲಿತವರಲ್ಲಿ ಚುಜಿರೋ ಹಯಾಶಿ ಅಂತ ನೌಕಾಪಡೆಯ ನಿವೃತ್ತ ಅಧಿಕಾರಿ ಒಬ್ಬರಿದ್ದರು. ನೌಕಾನೆಲೆ ಇರುವ ನಮ್ಮ ಕಾರವಾರದವರಿಗೆ ಈ ಜಾತಿ ಜನ ಗೊತ್ತು, ಎಲ್ಲದಕ್ಕೂ ಒಂದು ಕ್ರಮ ಬೇಕು. ಉಸುಯಿ ಕೈ ಎಲ್ಲಿ ಎಳೆಯುತ್ತದೋ ಅಲ್ಲಿ ಇಡು ಅನ್ನುತ್ತಿದ್ದರೆ, ಇವರು ಕ್ಲಿನಿಕ್ ತೆರೆದು ಯಾವ ತೊಂದರೆಗೆ ಎಲ್ಲೆಲ್ಲಿ ಕೈ ಇಡಬೇಕು ಅಂತ ಪಟ್ಟಿ ಮಾಡಿದರು.

ಆ ಕ್ಲಿನಿಕ್ಕಿಗೆ 1935ರಲ್ಲಿ ಹವಾಯಿಯಿಂದ ಒಬ್ಬ ವಿಧವೆ ಬಂದರು, ಹವಾಯೋ ತಕಾತಾ. ಕಬ್ಬಿನ ತೋಟದ ಕೂಲಿಗಳ ಮಗಳು. ಆಪರೇಷನ್ ಮಾಡಿಸಿಕೊಳ್ಳಲು ಬಂದವರು ಅದನ್ನು ಬಿಟ್ಟು ರೇಕಿ ಹಿಡಿದರು, ಕಲಿತು 1937ರಲ್ಲಿ ಹವಾಯಿಗೆ ಹೋದರು. ಆಮೇಲೆ ಯುದ್ಧ. ಜಪಾನಿನವರು ಹವಾಯಿಯ ಪರ್ಲ್ ಹಾರ್ಬರಿಗೆ ಬಾಂಬು ಹಾಕಿದ ಮೇಲೆ ಅಮೆರಿಕದಲ್ಲಿ ಬೌದ್ಧ ಜಪಾನಿನ ವಿದ್ಯೆ ಅಂದರೆ ಯಾರು ಮುಟ್ಟುತ್ತಾರೆ? ಪಾದ್ರಿ ಕಥೆ ಹಾಗೆ ಹುಟ್ಟಿರಬೇಕು ಅಂತ ಬಹಳ ಜನ ಅನ್ನುತ್ತಾರೆ, ನನಗೂ ಸರಿ ಅನ್ನಿಸುತ್ತದೆ. ಮಾಸ್ಟರ್ ಹಂತಕ್ಕೆ ಹತ್ತು ಸಾವಿರ ಡಾಲರ್ ಇಟ್ಟವರೂ ಅವರೇ. 1980ರಲ್ಲಿ ತೀರಿಕೊಳ್ಳುವಾಗ ಅವರು ಮಾಡಿದ ಮಾಸ್ಟರುಗಳು 22 ಜನ. ಇವತ್ತು ಗೋಕರ್ಣದಲ್ಲಿ ಚೀಟಿ ಅಂಟಿಸುವವರ ಗುರುಪರಂಪರೆ ಹುಡುಕುತ್ತಾ ಹೋದರೆ ಹೆಚ್ಚಿನವರದ್ದು ಈ 22ರಲ್ಲಿ ಒಬ್ಬರ ಹತ್ತಿರ ಹೋಗಿ ನಿಲ್ಲುತ್ತದೆ.

ಅವರು ಹೋದ ಮೇಲೆ ಕಟ್ಟು ಬಿಚ್ಚಿತು. ಚಕ್ರ, ಹರಳು, ಬಣ್ಣ, ದೇವತೆ, ಎಲ್ಲಾ ಸೇರಿದ್ದು ಆಮೇಲೆ. ಗುಟ್ಟಾಗಿ ಕಲಿಸಿ, ಬರೆದ ಕಾಗದ ಸುಡಬೇಕು ಅನ್ನುತ್ತಿದ್ದ ಚಿಹ್ನೆಗಳು ಅಚ್ಚಾದವು, ಈಗ ಟೀ ಶರ್ಟಿನ ಮೇಲೂ ಇವೆ.

ಅಪ್ಪೆಮಿಡಿ · ಶಿರಸಿ

ನಮ್ಮ ಅಡಿಕೆ ಘಟ್ಟ ಇಳಿದು ಉತ್ತರಕ್ಕೆ ಹೋಗಿ, ಬಣ್ಣದ ಪೊಟ್ಟಣದಲ್ಲಿ ವಾಪಸ್ ಬಂದು ನಮಗೇ ಮಾರಾಟ ಆಗುತ್ತದಲ್ಲ, ಹಾಗಾಯಿತು ನಮ್ಮದೇ ಚಕ್ರದ ಕಥೆ. ನಾವು ತಿನ್ನುತ್ತಿದ್ದ ಎಲೆ ಅಡಿಕೆ ಕವಳವೇ ಚೆನ್ನಾಗಿತ್ತು.

ಕ್ಯಾಂಪ್‌ರಸ್ತೆ · ಮುಂಡಗೋಡ

ಇಲ್ಲಿ ಕೆಲವರು ರೇಕಿ ಟಿಬೆಟ್ಟಿನದು ಅಂತಲೂ ಮಾರುತ್ತಾರೆ. ನಮ್ಮ ಟಿಬೆಟನ್ ಕ್ಯಾಂಪಿನವರ ಔಷಧ ಬೇರೆ, ಅದರ ಹೆಸರು ಸೋವಾ ರಿಗ್ಪಾ. ನಾಡಿ ನೋಡಿ ಗುಳಿಗೆ ಕೊಡುತ್ತಾರೆ. ಕಹಿ ಅಂದರೆ ಅಷ್ಟು ಕಹಿ. ಕೈ ಇಟ್ಟು ಬಿಟ್ಟರೆ ಸಾಕು ಅಂದಿದ್ದರೆ ನಾನೇ ಮೊದಲು ಹೋಗುತ್ತಿದ್ದೆ.

ಹೊಸಗದ್ದೆ · ಅಂಕೋಲಾ

ನನಗೆ ಸ್ವಲ್ಪ ಸಿಟ್ಟಿದೆ, ಹೇಳಿಬಿಡುತ್ತೇನೆ. ನಮ್ಮ ತಾಲೂಕಿನ ಬೆಳಂಬಾರಕ್ಕೆ ಪಾರ್ಶ್ವವಾಯು ಔಷಧಕ್ಕೆ ದೂರದೂರದಿಂದ ಜನ ಬರುತ್ತಾರೆ. ಹಾಲಕ್ಕಿ ಒಕ್ಕಲಿಗರ ನಾಟಿ ಔಷಧ ನಮಗೆ ಹೊಸದಲ್ಲ. ನನ್ನ ಅಜ್ಜಿ ದೃಷ್ಟಿ ತೆಗೆಯುತ್ತಿದ್ದಳು. ಮೂರು ಒಣಮೆಣಸು, ಒಂದು ಹಿಡಿ ಉಪ್ಪು, ಸ್ವಲ್ಪ ಸಾಸಿವೆ. ತಲೆಯಿಂದ ಕಾಲಿನವರೆಗೆ ಇಳಿಸಿ ಒಲೆಗೆ ಹಾಕುತ್ತಿದ್ದಳು. ಘಾಟು ಬರದಿದ್ದರೆ ದೃಷ್ಟಿ ಜೋರಾಗಿಯೇ ಬಿದ್ದಿದೆ ಅಂತ ಲೆಕ್ಕ. ಆಮೇಲೆ ಬೆನ್ನ ಮೇಲೆ ಕೈ ಇಟ್ಟು ತುಟಿಯಲ್ಲೇ ಏನೋ ಹೇಳುತ್ತಾ ಕೂರುತ್ತಿದ್ದಳು. ಮಗು ಮಲಗುವ ತನಕ. ಅವಳ ಅಂಗೈ ದೊರಗಾಗಿತ್ತು, ಗದ್ದೆ ಕೆಲಸದ ಕೈ. ಇದಕ್ಕೆ ಮೂಢನಂಬಿಕೆ ಅಂದವರೇ ಈಗ ಸಾವಿರಗಟ್ಟಲೆ ಕೊಟ್ಟು ಜಪಾನಿ ಹೆಸರಿನಲ್ಲಿ ಅದನ್ನೇ ಕಲಿಯುತ್ತಿದ್ದಾರೆ. ಅಜ್ಜಿ ಕೈಗೆ ಸರ್ಟಿಫಿಕೇಟ್ ಇರಲಿಲ್ಲ, ಅಷ್ಟೇ ಅಲ್ವಾ ವ್ಯತ್ಯಾಸ?

ಕಾಳಿದಂಡೆ · ಕಾರವಾರ

ಸಿಟ್ಟು ನ್ಯಾಯವಾದದ್ದೇ. ಆದರೆ ವ್ಯತ್ಯಾಸ ಒಂದಿದೆ ಅಂತ ನನಗೆ ಅನ್ನಿಸುತ್ತದೆ. ನಿಮ್ಮ ಅಜ್ಜಿ ಅದನ್ನು ಯಾರಿಗೆ ಕಲಿಸಿದರು? ನಮ್ಮ ಕಡೆ ಇಂಥ ಮಂತ್ರ ಗ್ರಹಣದ ದಿನ ನೀರಿನಲ್ಲಿ ನಿಂತು, ಮನೆಯ ಒಬ್ಬರಿಗೆ ಮಾತ್ರ ಹೇಳಿಕೊಡುವುದು. ಉಳಿದವರಿಗೆ ಸಿಗುವುದಿಲ್ಲ, ಹೇಳಿದರೆ ಹೋಗುತ್ತದೆ ಅನ್ನುತ್ತಾರೆ. ಉಸುಯಿ ಉಲ್ಟಾ ಮಾಡಿದರು. ಇದು ಯಾರಿಗಾದರೂ ಬರುತ್ತದೆ, ಕುಲ ಬೇಡ, ವ್ರತ ಬೇಡ, ಒಬ್ಬ ಮನೆತನದವರು ಇಟ್ಟುಕೊಳ್ಳುವಂಥದ್ದಲ್ಲ ಅಂದರು. ಬಾಗಿಲು ತೆಗೆದರು. ಆಮೇಲೆ ಬಂದವರು ಅದೇ ಬಾಗಿಲಿಗೆ ಟಿಕೆಟ್ ಇಟ್ಟರು, ಅದು ಬೇರೆ ವಿಷಯ.

ದೀಕ್ಷೆ ವಿಷಯದಲ್ಲೂ ಹೀಗೇ. ಜಪಾನಿನಲ್ಲಿ ಅದಕ್ಕೆ ರೇಜು ಅನ್ನುತ್ತಾರೆ. ಪ್ರತಿ ಸಲ ಸೇರಿದಾಗ ಗುರು ಮತ್ತೆ ಮತ್ತೆ ಕೊಡುತ್ತಾರೆ, ನಾವು ಭಜನೆಗೆ ಹೋದಾಗಲೆಲ್ಲ ಪ್ರಸಾದ ತೆಗೆದುಕೊಂಡ ಹಾಗೆ. ಪಶ್ಚಿಮಕ್ಕೆ ಹೋಗಿ ಅದು ಒಮ್ಮೆ ಹಾಕಿದರೆ ಆಯಿತು ಅನ್ನುವ ಸಿಮ್ ಕಾರ್ಡ್ ಆಯಿತು. ಅದಕ್ಕೇ ಎರಡು ದಿನದ ಕ್ಲಾಸು ಸಾಧ್ಯ ಆಗಿದ್ದು. ಕೊರೊನಾ ಕಾಲದಲ್ಲಿ ಝೂಮಿನಲ್ಲೂ ಕೊಟ್ಟರು.

ತೊಂಬತ್ತರ ದಶಕದಲ್ಲಿ ಕೆಲವರು ಜಪಾನಿಗೇ ಹೋಗಿ ಹುಡುಕಿದರು. ಜರ್ಮನಿಯ ಫ್ರಾಂಕ್ ಅರ್ಜವ ಪೆಟರ್ ಅವರಲ್ಲಿ ಒಬ್ಬರು. ಉಸುಯಿಯ ಸಂಘ ಅಲ್ಲಿ ಸದ್ದಿಲ್ಲದೆ ಇನ್ನೂ ನಡೆಯುತ್ತಿದೆ ಅಂತ ಹೊರಗಿನವರಿಗೆ ಗೊತ್ತಾದದ್ದು ಆಗ. ಹಯಾಶಿ ಹತ್ತಿರ ಹುಡುಗಿಯಾಗಿದ್ದಾಗ ಕಲಿತ ಚಿಯೋಕೋ ಯಾಮಾಗುಚಿ ಅನ್ನುವ ಅಜ್ಜಿಯೊಬ್ಬರು ಸಿಕ್ಕರು. ಅರವತ್ತು ವರ್ಷ ಮನೆಯವರಿಗೆ, ನೆರೆಯವರಿಗೆ ಕೈ ಇಡುತ್ತಾ ಬಂದವರು. ಹೊಸಗದ್ದೆಯವರೇ, ಅವರೂ ನಿಮ್ಮ ಅಜ್ಜಿ ತರಹವೇ.

ಅಪ್ಪೆಮಿಡಿ · ಶಿರಸಿ

ಇತಿಹಾಸ ಚೆನ್ನಾಗಿದೆ, ಒಪ್ಪಿದೆ. ಆದರೆ ಹಳೆಯದಾದರೂ ಹೊಸದಾದರೂ ಕೆಲಸ ಮಾಡುತ್ತದಾ ಅನ್ನುವುದು ಬೇರೆ ಪ್ರಶ್ನೆ. ಅಮೆರಿಕದಲ್ಲಿ ಎಮಿಲಿ ರೋಸಾ ಅಂತ ಒಂಬತ್ತು ವರ್ಷದ ಹುಡುಗಿ ಶಾಲೆಯ ವಿಜ್ಞಾನ ಮೇಳಕ್ಕೆ ಒಂದು ಪ್ರಯೋಗ ಮಾಡಿದಳು. ನಡುವೆ ಒಂದು ರಟ್ಟು. ಮುಟ್ಟದೆ ಶಕ್ತಿ ತಿಳಿಯುತ್ತೇವೆ ಅನ್ನುವವರು ರಟ್ಟಿನ ತೂತಿನಿಂದ ಎರಡೂ ಕೈ ಈಚೆ ಚಾಚಬೇಕು. ಇವಳು ನಾಣ್ಯ ಹಾರಿಸಿ, ಎಡವೋ ಬಲವೋ ಒಂದು ಕೈಯ ಮೇಲೆ ತನ್ನ ಕೈ ಹಿಡಿಯುತ್ತಾಳೆ. ಯಾವ ಕೈ ಅಂತ ಅವರು ಹೇಳಬೇಕು. 21 ಜನ, ಒಟ್ಟು 280 ಸಲ. ಸರಿ ಹೇಳಿದ್ದು 123 ಸಲ. ಸುಮ್ನೆ ಕಣ್ಣು ಮುಚ್ಚಿ ಹೇಳಿದ್ದರೂ 140 ಆಗುತ್ತಿತ್ತು! 1998ರಲ್ಲಿ ಅಮೆರಿಕದ ವೈದ್ಯರ ಸಂಘದ ಪತ್ರಿಕೆಯಲ್ಲೇ ಬಂತು.

ನಾನು 30 ವರ್ಷ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸಿದವ. ಇಷ್ಟು ಚಂದದ ಪ್ರಯೋಗ ನಮ್ಮ ಮಕ್ಕಳಿಂದ ಒಂದೂ ಮಾಡಿಸಲಿಲ್ಲ ಅನ್ನುವುದೇ ನನ್ನ ದುಃಖ.

ಕಾಳಿದಂಡೆ · ಕಾರವಾರ

ಮೇಷ್ಟ್ರೇ, ಅದು ರೇಕಿ ಅಲ್ಲ. ಥೆರಪ್ಯೂಟಿಕ್ ಟಚ್ ಅಂತ, ಅಲ್ಲಿಯ ನರ್ಸುಗಳು ಮಾಡುತ್ತಿದ್ದದ್ದು.

ಅಪ್ಪೆಮಿಡಿ · ಶಿರಸಿ

ಅಣ್ಣನ ಹೆಸರು ಬೇರೆ, ತಮ್ಮನ ಹೆಸರು ಬೇರೆ. ಕೈಯಿಂದ ಏನೋ ಹರಿಯುತ್ತದೆ, ಎದುರಿನವರದ್ದು ಕೈಗೆ ತಿಳಿಯುತ್ತದೆ ಅನ್ನುವುದು ಎರಡಕ್ಕೂ ಬುಡ ಅಲ್ವಾ? ರೇಕಿಯಲ್ಲೂ ಬಿಯೋಸೆನ್ ಅಂತ ಹೇಳುತ್ತೀರಿ, ರೋಗ ಇರುವಲ್ಲಿ ಅಂಗೈಗೆ ಬಿಸಿ, ಜುಮ್ಮು. ನಿಮ್ಮ ಕೋಣೆಯಲ್ಲೇ ರಟ್ಟು ಕಟ್ಟಿ ನೋಡೋಣ. ಬಸ್ ಚಾರ್ಜ್ ನಂದು.

ಕಾಳಿದಂಡೆ · ಕಾರವಾರ

ಬನ್ನಿ. ಬಿಸಿ ತಿಳಿಯುತ್ತದೆ ಅಂತ ನಾನೂ ಹೇಳಿಕೊಂಡು ಬಂದಿದ್ದೇನೆ. 20 ಸಲದಲ್ಲಿ ಎಷ್ಟು ಸರಿ ಆಗುತ್ತದೆ ಅಂತ ನನಗೂ ನೋಡಬೇಕು. ಹೆದರಿಕೆ ಇದೆ, ಸುಳ್ಳು ಯಾಕೆ.

ರಾತ್ರಿಪಾಳಿ · ಹೊನ್ನಾವರ

ಮಧ್ಯೆ ಬಾಯಿ ಹಾಕುತ್ತೇನೆ. ರೇಕಿಯ ಮೇಲೂ ಪರೀಕ್ಷೆಗಳು ಆಗಿವೆ. ಒಂದು ಗುಂಪಿಗೆ ರೇಕಿ ಕಲಿತವರು, ಇನ್ನೊಂದು ಗುಂಪಿಗೆ ಏನೂ ಕಲಿಯದವರು ಅದೇ ಭಂಗಿಯಲ್ಲಿ ಕೈ ಇಡುತ್ತಾರೆ. ರೋಗಿಗೆ ಯಾರು ಯಾರು ಅಂತ ಗೊತ್ತಿರುವುದಿಲ್ಲ. ಖಿನ್ನತೆ, ಆತಂಕಕ್ಕೆ ರೇಕಿ ಆಗುತ್ತದಾ ಅಂತ 2015ರಲ್ಲಿ, ವೈದ್ಯಕೀಯ ಅಧ್ಯಯನಗಳನ್ನು ಒಟ್ಟಿಗೆ ಇಟ್ಟು ತೂಗಿ ನೋಡುವ ಕಾಕ್ರೇನ್ ಸಂಸ್ಥೆಯವರು ಹುಡುಕಿದರು. ಲೆಕ್ಕಕ್ಕೆ ಸಿಕ್ಕಿದ್ದು ಮೂರೇ ಅಧ್ಯಯನ. ಆಗುತ್ತದೆ ಅಂತಲೂ ಇಲ್ಲ ಅಂತಲೂ ಹೇಳಲು ಅದು ಸಾಲದು ಅಂದರು.

ವಾರ್ಡಿನಲ್ಲಿ ನಾನು ಕಂಡದ್ದನ್ನು ಹೇಳುತ್ತೇನೆ, ಸಾಕ್ಷಿ ಅಂತಲ್ಲ. ನಮ್ಮ ಜಿಲ್ಲೆಯಲ್ಲಿ ದೊಡ್ಡ ಕಾಯಿಲೆ ಅಂದರೆ ಮಣಿಪಾಲ, ಹುಬ್ಬಳ್ಳಿ, ಗೋವಾ. ಅಲ್ಲಿಗೆಲ್ಲಾ ಅಲೆದು ಬಂದವರನ್ನು ಯಾರೂ ಹತ್ತು ನಿಮಿಷ ಮುಟ್ಟಿರುವುದಿಲ್ಲ. ಸೂಜಿ ಚುಚ್ಚಲು ಮುಟ್ಟುತ್ತಾರೆ, ಬಿಪಿ ನೋಡಲು ಮುಟ್ಟುತ್ತಾರೆ. ಬರೀ ಕೈ ಹಿಡಿದು ಕೂತರೆ ಉಸಿರು ನಿಧಾನ ಆಗುತ್ತದೆ, ಮಾನಿಟರಿನಲ್ಲೇ ಕಾಣುತ್ತದೆ. ಅದಕ್ಕೆ ರೇಕಿ ಅಂತ ಹೆಸರಿಡಬೇಕಾ ಅನ್ನುವುದು ನಿಮ್ಮಿಬ್ಬರ ಜಗಳ.

ಅಪ್ಪೆಮಿಡಿ · ಶಿರಸಿ

ಹೆಸರಿಟ್ಟ ಕೂಡಲೇ ಫೀಸು ಬರುತ್ತದೆ, ಫೀಸು ಬಂದ ಕೂಡಲೇ ಮಾತ್ರೆ ಬಿಡಿಸುವವರು ಬರುತ್ತಾರೆ. ಅದಕ್ಕೇ ಜಗಳ. ಸುರಗಿಯವರೇ, 1954ರ ಒಂದು ಕಾನೂನಿದೆ. ಕ್ಯಾನ್ಸರ್, ಸಕ್ಕರೆ ಕಾಯಿಲೆ, ಪಾರ್ಶ್ವವಾಯು ಹೀಗೆ ಒಂದು ದೊಡ್ಡ ಪಟ್ಟಿಯ ಕಾಯಿಲೆಗಳನ್ನು ಮಂತ್ರ ಮಾಯದಿಂದ ಗುಣ ಮಾಡುತ್ತೇವೆ ಅಂತ ಜಾಹೀರಾತು ಕೊಡುವಂತಿಲ್ಲ. ನಿಮ್ಮ ಕ್ಲಾಸಿನವರ ಕರಪತ್ರ ಇದ್ದರೆ ಎಸೆಯಬೇಡಿ. ದುಡ್ಡು ಕೇಳುವಾಗ ಕೈಯಲ್ಲಿರಲಿ.

ಸುರಗಿ · ಕುಮಟಾ

ಮೂರು ವಾರ ಆಯಿತು. ಉತ್ತರ ಕೊಟ್ಟವರಿಗೆಲ್ಲಾ ಹೇಳಬೇಕು ಅಂತ ಬಂದೆ.

ಡಾಕ್ಟರು ಬೈದರು, ಆಮೇಲೆ ಮಾತ್ರೆ ಕಡಿಮೆ ಡೋಸಿನಿಂದ ಮತ್ತೆ ಶುರು ಮಾಡಿದರು. ಹಚ್ಚಲು ಮರಗಟ್ಟಿಸುವ ಒಂದು ಜೆಲ್ ಕೊಟ್ಟಿದ್ದಾರೆ. ನೋವು ಇದೆ, ಮೊದಲಿನಷ್ಟು ಇಲ್ಲ. ಎಲ್ಲಕ್ಕಿಂತ ಉಪಯೋಗಕ್ಕೆ ಬಂದದ್ದು ಅಪ್ಪನ ಹಳೆ ಪಂಚೆ. ತೊಳೆದು ತೊಳೆದು ಮೆತ್ತಗಾಗಿತ್ತು. ಅದರಲ್ಲಿ ಎಡಗಡೆ ಹೊಲಿಗೆ ಬಾರದ ಹಾಗೆ ಒಂದು ರವಿಕೆ ಹೊಲಿಸಿದೆ. ದರ್ಜಿ ಮೂರು ಸಲ ಯಾಕೆ ಅಂತ ಕೇಳಿದ.

ಎರಡನೇ ಹಂತಕ್ಕೆ ಹೋಗಲಿಲ್ಲ. ದುಡ್ಡು ಕೇಳಿದಾಗ ಮೊದಲು ಫೀಸು ಅಂದರೆ ಶಕ್ತಿ ವಿನಿಮಯ, ಹಾಗೆಲ್ಲ ವಾಪಸ್ ಕೊಡುವಂತಿಲ್ಲ ಅಂದರು. ಕರಪತ್ರದ ಫೋಟೋ ಕಳಿಸಿದೆ. ಮರುದಿನ ಅರ್ಧ ಬಂತು. ಉಳಿದ ಅರ್ಧಕ್ಕೆ ಅಪ್ಪೆಮಿಡಿಯವರು ಬೈಯಬಾರದು, ನನಗೆ ಜಗಳ ಸಾಕಾಗಿದೆ.

ಕೈ ಇಡುವುದನ್ನು ಬಿಟ್ಟಿಲ್ಲ. ಮೊನ್ನೆ ಮೊದಲ ಮಳೆ ಬಂತಲ್ಲ, ರಾತ್ರಿ ಕರೆಂಟ್ ಹೋಗಿತ್ತು. ಅಮ್ಮನ ಪಕ್ಕ ಕತ್ತಲೆಯಲ್ಲಿ ಕೂತಿದ್ದೆ. ಕೈ ಬಿಸಿ ಆಗ್ತಾ ಇದೆಯಾ ಅಂತ ಕೇಳಿದೆ. "ಪರೀಕ್ಷೆ ಮಾಡ್ಬೇಡ, ಸುಮ್ನೆ ಕೂತ್ಕೋ" ಅಂದಳು. ಆಮೇಲೆ ತಾನಾಗಿಯೇ ಅವಳ ತವರುಮನೆಯ ಅಳಿವೆ ಬದಿಯ ಗಜನಿ ಗದ್ದೆಗೆ ಉಪ್ಪುನೀರು ನುಗ್ಗಿದ ವರ್ಷದ ಕಥೆ ಹೇಳಿದಳು. ನಾನು ಅದನ್ನು ಯಾವತ್ತೂ ಕೇಳಿರಲಿಲ್ಲ. ಹೇಳುತ್ತಾ ಹೇಳುತ್ತಾ ಮಲಗಿದಳು. ರೇಕಿಯೋ, ಮಾತ್ರೆಯೋ, ಮಳೆಯ ತಂಪೋ, ನಾನು ಲೆಕ್ಕ ಹಾಕಲು ಹೋಗಲಿಲ್ಲ.

ಒಂದೇ ಒಂದು ಪ್ರಶ್ನೆ ಉಳಿದಿದೆ. ಮುಟ್ಟದೆ ಅರ್ಧ ಗಂಟೆ ಕೈ ಎತ್ತಿ ಹಿಡಿದರೆ ನನ್ನ ಭುಜ ಬಿದ್ದೇ ಹೋಗುತ್ತದೆ. ಕಾಳಿದಂಡೆಯವರೇ, ನೀವು 14 ವರ್ಷ ಹೇಗೆ ಹಿಡಿದಿರಿ?

ಕಾಳಿದಂಡೆ · ಕಾರವಾರ

ಮೊಣಕೈ ಕೆಳಗೆ ದಿಂಬು ಇಟ್ಟುಕೊಳ್ಳಿ. ಕುರ್ಚಿ ಮಂಚಕ್ಕಿಂತ ಸ್ವಲ್ಪ ಎತ್ತರ ಇರಲಿ. ಹತ್ತು ನಿಮಿಷಕ್ಕೊಮ್ಮೆ ಕೈ ಬದಲಿಸಿ. ಇದನ್ನು ಯಾವ ಕ್ಲಾಸಿನಲ್ಲೂ ಹೇಳುವುದಿಲ್ಲ, ನನಗೂ ಒಂದು ವರ್ಷ ಭುಜ ಹಿಡಿದ ಮೇಲೇ ಗೊತ್ತಾದದ್ದು.

ಅಪ್ಪೆಮಿಡಿ · ಶಿರಸಿ

ರಟ್ಟು ರೆಡಿ ಇದೆ. ಮಳೆ ಸ್ವಲ್ಪ ಬಿಡಲಿ, ದೇವಿಮನೆ ಘಟ್ಟ ಇಳಿಯುತ್ತೇನೆ. ಹೋಗುವ ದಾರಿಯಲ್ಲಿ ಕುಮಟಾದಲ್ಲಿ ಇಳಿದು ಅಮ್ಮನಿಗೆ ಒಂದು ಭರಣಿ ಮಿಡಿ ಉಪ್ಪಿನಕಾಯಿ ಕೊಡುತ್ತೇನೆ. ಖಾರ ಆಗುತ್ತದಾ ಅವರಿಗೆ?